ವೈರು ತಪ್ಪಿಸಿದ ತಾಳ

ಬೈಲಹೊಂಗಲದ ಪೇಟೆಯಲ್ಲಿ, ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನು ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ಕೆಲಸ ಕಲಿತವಳು, ಮದುವೆಯಾಗಿ ಈ ಊರಿಗೆ ಬಂದೆ, ಬಂದ ಮೇಲೂ ಕೆಲಸ ಬಿಡಲಿಲ್ಲ. ಮದುವೆ, ಸೀಮಂತ, ಸಾಲೆಯ ಗ್ಯಾದರಿಂಗು, ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ, ಯಾವುದನ್ನೂ ಬೇಡವೆಂದವಳಲ್ಲ. ಕೆಳಗಿನ ಅಂಗಡಿಗೆ ಗೊಬ್ಬರದ ಲೋಡು ಬಂದ ದಿನ ನನ್ನ ಕೋಣೆಯಲ್ಲಿ ಕೂತವರ ಕಣ್ಣು ಉರಿಯುತ್ತದೆ. ನನಗೆ ಅದು ರೂಢಿಯಾಗಿದೆ. ರೂಢಿಯಾಗದೆ ಉಳಿದದ್ದೆಂದರೆ ವೈರುಗಳು. ಈ ಕೆಲಸಕ್ಕೆ ಬಂದ ಮೇಲೆ ನಾನು ವೈರುಗಳನ್ನು ಬೈದಷ್ಟು ಮನುಷ್ಯರನ್ನು ಬೈದಿಲ್ಲ.

ಅದರಲ್ಲೂ ಒಂದು ವೈರು ನನಗೆ ಮಾಡಿದ ಕಾಟವನ್ನು ಹೇಳಬೇಕು. ಅದು ನನ್ನೊಬ್ಬಳಿಗೆ ಕಾಟ ಕೊಟ್ಟು ಬಿಟ್ಟಿದ್ದರೆ ಬರೆಯುತ್ತಿರಲಿಲ್ಲ.

ಬೆಳಗಾವಿಯ ಒಂದು ಸಣ್ಣ ಸಂಸ್ಥೆಯವರು ನಮ್ಮ ಕಡೆಯ ಹಾಡು-ಕುಣಿತದ ಜಾನಪದ ನಾಟಕವಾದ ಸಣ್ಣಾಟದ ಒಂದು ಇಡೀ ಪ್ರಯೋಗವನ್ನು ಹಳೆಯ ಪದ್ಧತಿಯಂತೆ ಆಡಿಸಿ, ಚಿತ್ರೀಕರಿಸಿ ಇಡಬೇಕೆಂದು ಮುಂದೆ ಬಂದರು. ಮುಂದಿನವರು ನೋಡಿ ಕಲಿಯಬೇಕು, ಹಾಡು, ಮಾತು, ಹೆಜ್ಜೆ ಎಲ್ಲವೂ ಸ್ಪಷ್ಟ ಕಾಣಬೇಕು ಎಂಬುದು ಅವರ ಆಸೆ. ಮೇಳವನ್ನು ನಡೆಸುವವರು ರಾಮದುರ್ಗದ ಒಬ್ಬ ಹಿರಿಯ ಹೆಂಗಸು. ಹರೆಯದಲ್ಲಿ ನಾಯಕಿಯ ಪಾತ್ರ, ಆಮೇಲೆ ಗೆಳತಿಯ ಪಾತ್ರ, ಈಗ ಮೇಳಕ್ಕೆ ಗಂಡಸರು ಸಿಗದಿದ್ದರೆ ಗಂಡು ಪಾತ್ರವನ್ನೂ ತಾವೇ ಹಾಕಿ ಕುಣಿಯುವವರು. ಎತ್ತರದ ಆಳು, ದೊಡ್ಡ ದನಿ. ಎರಡೂ ಕಣ್ಣಿನ ಆಪರೇಷನ್ ಆದಮೇಲೆ ಸೂಜಿಗೆ ದಾರ ನಾನೇ ಪೋಣಿಸುತ್ತೇನೆಂದು ಎಲ್ಲರೆದುರೂ ಹೇಳಿಕೊಳ್ಳುತ್ತಿದ್ದರು. ನಾನು ಅವರನ್ನು ‘ಅವ್ವಾರ’ ಎನ್ನುತ್ತಿದ್ದೆ.

ಅವರ ಕರಾರು ಒಂದೇ ಇತ್ತು: ‘ಹೊರಗ ಹೋಗೂ ಮೊದಲ ನಾ ನೋಡಬೇಕು. ನಾ ಹೂಂ ಅಂದಮ್ಯಾಲ ಹೋಗಬೇಕು.’

ಚಿತ್ರೀಕರಣ ಕಟಕೋಳದ ಒಂದು ಮದುವೆ ಹಾಲಿನಲ್ಲಿ ಆಯಿತು. ರಾತ್ರಿಯೆಲ್ಲ ಆಡುವ ಆಟವನ್ನು ನಮಗಾಗಿ ಹಗಲಲ್ಲಿ, ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿಕೊಂಡು ಆಡಿದರು. ಕ್ಯಾಮೆರಾದ ಕೆಲಸ ಸವದತ್ತಿಯ ನನ್ನ ಗೆಳೆಯನದು. ಅವನ ಅಪ್ಪ ಲಾರಿ ಓಡಿಸುತ್ತಿದ್ದವರು. ಅವನೂ ಸ್ಟಿಯರಿಂಗು ಹಿಡಿಯುತ್ತಾನೆಂದು ಮನೆಯವರು ಅಂದುಕೊಂಡಿದ್ದಾಗ ಕ್ಯಾಮೆರಾ ಹಿಡಿದವನು. ನನ್ನನ್ನು ಅಕ್ಕಾ ಎನ್ನುತ್ತಾನೆ, ಜಗಳಕ್ಕೆ ಬಿದ್ದಾಗಲೂ ಅಕ್ಕಾ ಎಂದೇ ಜಗಳ ಮಾಡುತ್ತಾನೆ. ನಾಲ್ಕು ಕ್ಯಾಮೆರಾ ಇಟ್ಟ: ಒಂದು ಇಡೀ ರಂಗಕ್ಕೆ, ಒಂದು ಮುಖಗಳಿಗೆ, ಒಂದು ಡೋಲಕಿ, ಹಾರ್ಮೋನಿಯಂ ಪೇಟಿಯ ಹಿಮ್ಮೇಳಕ್ಕೆ, ಒಂದು ಬರೀ ಕಾಲುಗಳಿಗೆ. ಕಾಲಿಗೊಂದು ಕ್ಯಾಮೆರಾ ಬೇಕೆಂದು ಹಟ ಹಿಡಿದವರು ಅವ್ವಾರೇ. ‘ಮಾರಿ ಎಲ್ಲಾರೂ ತಗೀತಾರ. ಕಲಿಯೂದು ಕಾಲಾಗ ಐತಿ,’ ಎಂದಿದ್ದರು.

ನಾಲ್ಕು ಕ್ಯಾಮೆರಾಗಳ ಅಷ್ಟು ದೊಡ್ಡ ಚಿತ್ರವನ್ನು ನನ್ನ ಹಳೆಯ ಕಂಪ್ಯೂಟರು ಎತ್ತುವಂತಿರಲಿಲ್ಲ. ಹೊಸದು ತಂದೆ. ಚಿತ್ರವೆಲ್ಲ ತುಂಬಿಡಲು, ಹಲವು ಡಿಸ್ಕುಗಳನ್ನು ಒಟ್ಟಿಗೆ ಓಡಿಸುವ ಒಂದು ಪೆಟ್ಟಿಗೆಯನ್ನು, ಹುಬ್ಬಳ್ಳಿಯಲ್ಲಿ ಬಾಗಿಲು ಹಾಕಿದ ಸ್ಟುಡಿಯೊದಿಂದ ಸೆಕೆಂಡ್ ಹ್ಯಾಂಡ್ ಹಿಡಿದೆ. ಪೆಟ್ಟಿಗೆ ಒಳ್ಳೆಯದೇ. ಅದರ ಜತೆಗಿರಬೇಕಿದ್ದ ಗಿಡ್ಡ ವೈರು ಮಾತ್ರ ಎಲ್ಲೋ ಕಳೆದುಹೋಗಿತ್ತು. ‘ಎಲ್ಲಾ ಕಡೆ ಸಿಗೂ ವೈರರಿ ಅದು,’ ಎಂದ ಕೊಟ್ಟವನು.

ನೋಡಿದರೆ ಹಾಗೆಯೇ ಇತ್ತು. ಈಗಿನ ಕಂಪ್ಯೂಟರುಗಳ ಬದಿಯಲ್ಲಿ ಎರಡೂ ತುದಿ ದುಂಡಗಿರುವ ಒಂದೇ ನಮೂನೆಯ ಸಣ್ಣ ಕಿಂಡಿಗಳಿರುತ್ತವೆ. ಮೊಬೈಲಿಗೆ ಚಾರ್ಜು ಹಾಕುವುದೂ ಅದೇ ಕಿಂಡಿಗೆ. ನನ್ನ ಡ್ರಾಯರಿನಲ್ಲಿ ಅದಕ್ಕೆ ಹೊಂದುವ ವೈರುಗಳು ಹಾವಿನ ಮರಿಗಳ ಹಾಗೆ ಸುತ್ತಿಕೊಂಡು ಬಿದ್ದಿದ್ದವು. ಉದ್ದವಾದದ್ದೊಂದನ್ನು ಬಿಡಿಸಿ ತೆಗೆದು ಚುಚ್ಚಿದೆ. ಸ್ಕ್ರೀನಿನ ಮೇಲೆ ಪೆಟ್ಟಿಗೆಯ ಗುರುತು ಮೂಡಿತು. ಮೂಡಿತೆಂದರೆ ಸರಿಯಾಗಿದೆ ಅಂತಲೇ ಅರ್ಥವಲ್ಲವೇ? ಚಿತ್ರವನ್ನೆಲ್ಲ ಅದರೊಳಗೆ ಸುರಿದೆ. ಸುರಿಯಲು ಬಹಳ ಹೊತ್ತು ಹಿಡಿಯಿತು. ನಾಲ್ಕು ಕ್ಯಾಮೆರಾದ ಮಾಲು, ಹಿಡಿಯದೆ ಏನು ಎಂದುಕೊಂಡೆ.

ಓಡಿಸಿ ನೋಡಿದರೆ ಚಿತ್ರ ಎಡವುತ್ತಿತ್ತು. ದನಿ ಸರಾಗ ಬರುತ್ತಿತ್ತು, ಚಿತ್ರ ಮಾತ್ರ ನಿಂತು, ಜಿಗಿದು, ಮತ್ತೆ ನಿಲ್ಲುತ್ತಿತ್ತು. ನನ್ನ ಕೆಲಸಕ್ಕೆ ಅದು ದೊಡ್ಡ ತೊಡಕಲ್ಲ. ದೊಡ್ಡ ಚಿತ್ರಕ್ಕೆ ಬದಲಾಗಿ ಅದರದೇ ಸಣ್ಣ, ಹಗುರವಾದ ಪ್ರತಿಯೊಂದನ್ನು ಮಾಡಿಕೊಂಡು, ಅದರ ಮೇಲೆ ಕತ್ತರಿಸುತ್ತೇವೆ. ಕೊನೆಗೆ ಅದೇ ಕತ್ತರಿ ದೊಡ್ಡದಕ್ಕೂ ಬೀಳುತ್ತದೆ. ಹಾಗೆಯೇ ಮಾಡಿದೆ. ದೊಡ್ಡದು ಯಾಕೆ ಎಡವುತ್ತದೆ ಎಂಬುದನ್ನು ಆಮೇಲೆ ನೋಡಿದರಾಯಿತು ಎಂದು ಬಿಟ್ಟೆ.

ಆ ನಡುವೆ ಅವ್ವಾರು ಬಂದರು. ಬರುವ ಮೊದಲು ಫೋನು ಮಾಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಯರಗಟ್ಟಿ ಮೇಲಿಂದ ಬರುವ ಬಸ್ಸಿಳಿದು, ಕೇಳುತ್ತ ಕೇಳುತ್ತ ಬಂದು, ನನ್ನ ಕಡಿದಾದ ಮೆಟ್ಟಿಲು ಹತ್ತಿ, ಬಾಗಿಲಲ್ಲಿ ನಿಂತಿದ್ದರು.

‘ಬಸ್ ಪುಕ್ಕಟೆ ಐತಿ ತಂಗಿ. ದಿನಾ ಬಂದ್ರೂ ಯಾರೂ ಕೇಳಂಗಿಲ್ಲ,’ ಎಂದು ಕುರ್ಚಿಯಲ್ಲಿ ಕುಳಿತರು. ‘ತೋರಸು.’

ಸಣ್ಣ ಪ್ರತಿಯನ್ನು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, ‘ಇದು ಮಬ್ಬ ಐತಿ,’ ಎಂದರು. ಮಬ್ಬಾಗಿಯೇ ಇತ್ತು, ಕೆಲಸದ ಪ್ರತಿ ತಾನೇ. ‘ದೊಡ್ಡದು ಐತಂತಲ್ಲ, ಅದನ್ನ ಹಾಕು. ನನ್ನ ಕಾಲಿಂದು ಹಾಕು.’

‘ಅವ್ವಾರ, ದೊಡ್ಡದು ಸ್ವಲ್ಪ ನಿಂತು ನಿಂತು ಬರತೈತ್ರಿ. ಮಷೀನಿಂದ ತ್ರಾಸ ಐತಿ.’

‘ನಿಂತ ನಿಂತ ಬರಲಿ. ಹಾಕು.’

ಹಾಕಿದೆ. ದೊಡ್ಡ ಮಾನಿಟರಿನ ತುಂಬ ಅವರ ಎರಡು ಕಾಲು, ಗೆಜ್ಜೆ, ನೆಲದ ಮೇಲಿನ ಜಮಖಾನೆ. ಡೋಲಕಿಯ ಪೆಟ್ಟು ಬಿದ್ದಮೇಲೆ ಕಾಲು ಬಿತ್ತು. ಮತ್ತೆ ಪೆಟ್ಟು, ಆಮೇಲೆ ಕಾಲು. ಒಮ್ಮೆ ಕಾಲು ಗಾಳಿಯಲ್ಲೇ ನಿಂತು, ಮುಂದಿನ ಆವರ್ತಕ್ಕೆ ನೆಲ ಮುಟ್ಟಿತು. ನಾನು ಮಷೀನಿನ ಮೇಲೆ ಸಿಟ್ಟಾಗುತ್ತ ಪರದೆಯನ್ನೇ ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿದಾಗ ಅವ್ವಾರ ಬಾಯಿ ಸ್ವಲ್ಪ ತೆರೆದಿತ್ತು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿದ್ದದ್ದು ನಿಂತಿತ್ತು.

‘ಸಾಕು,’ ಎಂದರು.

‘ಅವ್ವಾರ, ಇದು ನಿಮ್ಮ ಕಾಲಲ್ರಿ, ಮಷೀನ…’

‘ನನಗ ಚಾ ಬ್ಯಾಡ,’ ಎಂದರು. ನಾನು ಚಹಾ ಕೇಳಿಯೇ ಇರಲಿಲ್ಲ. ಎದ್ದು, ಗೋಡೆ ಹಿಡಿದು, ಮೆಟ್ಟಿಲಿಳಿದು ಹೋದರು. ನಾನು ಹಿಂದೆ ಹೋದೆ, ಪೇಟೆಯ ನಡುವೆ ನಿಂತು ಮತ್ತೊಮ್ಮೆ ಹೇಳಿದೆ. ‘ಹೂಂ ಬಿಡು, ಹೂಂ ಬಿಡು,’ ಎಂದು ನಡೆದರು.

ಮರುದಿನ ಸವದತ್ತಿಯಿಂದ ಗೆಳೆಯನ ಫೋನು.

‘ಅಕ್ಕಾ, ಆ ಮುದುಕಿಗೆ ಏನ್ ತೋರಿಸಿದಿ ನೀ?’

‘ಯಾಕ?’

‘ಯಾಕಂದ್ರ? ಮುಂಜಾನೆ ಫೋನ್ ಮಾಡಿದ್ರು. ವಿಡಿಯೊ ಯಾರಿಗೂ ಕೊಡಬ್ಯಾಡ್ರಿ, ನನ್ನ ತಾಳ ಹೋಗೈತಿ, ಮಂದಿ ನಗತಾರ ಅಂದ್ರು. ಬೆಳಗಾವಿಯವರಿಗೂ ಹೇಳ್ಯಾರಂತ.’

‘ದೊಡ್ಡ ಚಿತ್ರ ಎಡವತೈತೋ. ನೀನ ಅಷ್ಟು ಭಾರ ತಗದಿ. ಅಷ್ಟು ಯಾಕ ಬೇಕಿತ್ತು?’

‘ನಾ ತಗದಿದ್ದು ಬರೋಬ್ಬರಿ ಐತಿ. ಅಲ್ಲಾ ಕಸಂ, ಕ್ಯಾಮೆರಾದಾಗ ನಾ ನೋಡೇನಿ, ಬೆಣ್ಣಿಯಂಗ ಓಡತಿತ್ತು. ನಿನ್ನ ಆ ಹಳೇ ಪೆಟ್ಟಿಗಿ ಒಗಿ ಮೊದಲ.’

ಹೀಗೆ ಅವನು ಪೆಟ್ಟಿಗೆಯನ್ನು, ನಾನು ಅವನ ಕ್ಯಾಮೆರಾದ ಸೆಟ್ಟಿಂಗನ್ನು ಬೈಯುತ್ತ ಮಾತು ಕೆಟ್ಟಿತು. ಕ್ಯಾಮೆರಾದ ಕಾರ್ಡುಗಳನ್ನು ಅವನು ಆಗಲೇ ಅಳಿಸಿ ಮುಂದಿನ ಮದುವೆಗೆ ಒಯ್ದಿದ್ದ. ಹಾಗಾಗಿ ಕ್ಯಾಮೆರಾದಲ್ಲೇ ಹಾಕಿ ತೋರಿಸುವ ಹಾದಿಯೂ ಇರಲಿಲ್ಲ.

ನನಗೆ ಒಂದು ಸುಲಭದ ದಾರಿ ಹೊಳೆಯಿತು. ಸಣ್ಣ ಪ್ರತಿಯಲ್ಲಿ ಎಲ್ಲವೂ ಸರಾಗ ಓಡುತ್ತದಲ್ಲ, ಮಬ್ಬಾದರೂ ತಾಳ ಕಾಣುತ್ತದಲ್ಲ. ಲ್ಯಾಪ್‌ಟಾಪಿಗೆ ಅದರ ಮೊದಲ ಪದವನ್ನು, ಅಂದರೆ ಮೊದಲ ಹಾಡನ್ನು, ಹಾಕಿಕೊಂಡು ರಾಮದುರ್ಗಕ್ಕೆ ಹೋದೆ. ಮಗ್ಗದ ಸದ್ದು ಕೇಳುವ ಓಣಿಯಲ್ಲಿ ಅವರ ಮನೆ. ಬಾಗಿಲಲ್ಲಿ ಇಬ್ಬರು ಹುಡುಗಿಯರು ಸಾಲೆಯ ಚೀಲ ಹೊತ್ತುಕೊಂಡು ವಾಪಸು ಹೊರಟಿದ್ದರು. ಸಂಜೆ ಅವ್ವಾರು ಓಣಿಯ ಹುಡುಗಿಯರಿಗೆ ಹೆಜ್ಜೆ ಕಲಿಸುತ್ತಾರೆಂದು ನನಗೆ ಗೊತ್ತಿತ್ತು.

‘ಯಾಕ ಹೊಂಟ್ರಿ?’ ಎಂದು ಕೇಳಿದೆ.

‘ಇನ್ನ ಬರಬ್ಯಾಡ್ರಿ ಅಂದ್ರು ಅಜ್ಜಿ,’ ಎಂದಳು ಒಬ್ಬಳು.

ಒಳಗೆ ಅವ್ವಾರು ಅಕ್ಕಿ ಆರಿಸುತ್ತ ಕುಳಿತಿದ್ದರು. ನಾನು ಲ್ಯಾಪ್‌ಟಾಪು ತೆರೆದು ಅವರ ಮುಂದಿಟ್ಟೆ. ಅದೇ ಪದ, ಅದೇ ಕಾಲು. ಡೋಲಕಿ ಬಿದ್ದಲ್ಲಿ ಗೆಜ್ಜೆ ಬಿತ್ತು. ‘ನೋಡ್ರಿ ಅವ್ವಾರ. ಇದು ಖರೇ. ಅವತ್ತಿಂದು ಸುಳ್ಳ.’

ಅವರು ಪೂರ್ತಿ ನೋಡಿದರು. ಆಮೇಲೆ ಮೊರದ ಕಡೆ ಕೈ ಹಾಕಿದರು.

‘ತಿದ್ದಿ ತಂದೀದಿ.’

‘ತಿದ್ದಿಲ್ರಿ!’

‘ತಂಗಿ, ನಮ್ಮ ಅಣ್ಣನ ಮೊಮ್ಮಗಳ ಮದುವಿ ವಿಡಿಯೊ ನಾ ನೋಡೇನಿ. ಕರ್ರಗಿದ್ದ ಹುಡುಗಿ ಹಾಲಿನಂಗ ಆಗಿದ್ದಳು. ಮಳಿ ಬಂದಿದ್ದ ದಿನ ಬಿಸಲು ಬಿದ್ದಿತ್ತು. ನಿಮ್ಮ ಕೈಯಾಗ ಏನೇನ ಆಗತೈತಿ ನನಗ ಗೊತ್ತೈತಿ. ನನ್ನ ಕಾಲು ನಿನಗ ತಿದ್ದಾಕ ಬರಂಗಿಲ್ಲೇನು?’

ಕರ್ರಗಿನ ಹುಡುಗಿಯರನ್ನು ಬೆಳ್ಳಗೆ ಮಾಡುವುದು ನನ್ನ ದಿನನಿತ್ಯದ ಕೆಲಸ. ಮಾಡದಿದ್ದರೆ ಮನೆಯವರು ವಿಡಿಯೊ ಒಪ್ಪುವುದಿಲ್ಲ.

‘ನೀ ಒಳ್ಳೇಕಿ. ಮುದುಕಿ ನೊಂದಾಳಂತ ತಿದ್ದೀದಿ. ಆದ್ರ ಅವತ್ತ ನೋಡಿದ್ನಲ್ಲ, ಆ ದೊಡ್ಡ ಟೀವ್ಯಾಗ, ಅದು ತಿದ್ದದ್ದು ಇರಲಿಲ್ಲ. ಅದನ್ನ ಅಲ್ಲೇ ಚಲೋ ಓಡಿಸಿ ತೋರಸು, ನಂಬತೇನಿ. ಇಲ್ಲಂದ್ರ ಬಿಡು. ವಯಸ್ಸಾತು. ಕಾಲು ತಾಳಾ ಬಿಟ್ಟಮ್ಯಾಲ ಹುಡುಗೂರಿಗೆ ಏನ ಕಲಸಲಿ?’

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಗೆಳೆಯ ತೆಗೆದದ್ದರಲ್ಲಿ ತಪ್ಪಿರಲಿಲ್ಲ. ನನ್ನ ಕೆಲಸದಲ್ಲೂ ನನಗೆ ತಪ್ಪು ಕಾಣುತ್ತಿರಲಿಲ್ಲ. ಎಲ್ಲ ಸರಿಯಿದ್ದೂ, ಜೀವಮಾನವಿಡೀ ಕುಣಿದ ಒಬ್ಬ ಹಿರಿಯರು ತಮ್ಮ ಕಾಲು ಕೆಟ್ಟಿತೆಂದು ಅಕ್ಕಿ ಆರಿಸುತ್ತ ಕುಳಿತಿದ್ದರು.

ಅಂದಿನಿಂದ ದೊಡ್ಡ ಚಿತ್ರದ ಎಡವಟ್ಟನ್ನು ಹುಡುಕಲು ಕುಳಿತೆ. ಸಾಫ್ಟ್‌ವೇರ್ ಕಿತ್ತು ಹೊಸದಾಗಿ ಹಾಕಿದೆ. ಕಂಪ್ಯೂಟರು ಕಾದಿದೆಯೇನೋ ಎಂದು ಅದರ ಪಕ್ಕಕ್ಕೆ ಟೇಬಲ್ ಫ್ಯಾನು ಇಟ್ಟೆ. ಧಾರವಾಡದಿಂದ ಬಂದ ರಿಪೇರಿಯವನು ಮೆಮೊರಿ ಸಾಲದು ಎಂದ. ಮೆಮೊರಿ ಹಾಕಿಸಿದೆ, ಆಮೇಲೂ ಗೆಜ್ಜೆ ತಡವಾಗಿಯೇ ಬಿತ್ತು. ಡಿಸ್ಕು ಕೆಟ್ಟಿರಬೇಕು ಎಂದ. ಪೆಟ್ಟಿಗೆಯ ಡಿಸ್ಕುಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಾಕಿದರೆ ಎಲ್ಲವೂ ಗಟ್ಟಿ ಇದ್ದವು. ವೈರಿನ ಕಡೆ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಸೇರಿಸಿದ ವೈರು ಕೆಲಸ ಮಾಡುತ್ತಿದೆಯೆಂದರೆ ಅದು ಸರಿಯಿದೆ ಎಂದು ನಂಬುವುದು ನಮ್ಮ ಕಾಲದವರ ರೂಢಿ. ಟೇಪಿನ ಕಾಲದಲ್ಲಿ ವೈರು ಕೆಟ್ಟರೆ ಚಿತ್ರವೇ ಬರುತ್ತಿರಲಿಲ್ಲ. ಅದೊಂದು ಮರ್ಯಾದೆಯ ಕಾಲ.

ಒಮ್ಮೆ ಕಂಪ್ಯೂಟರಿನ ಒಳಗಿನ ಮಾಹಿತಿಯ ಪುಟ ತೆರೆದು, ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಎಷ್ಟು ವೇಗವಿದೆ ಎಂದು ನೋಡಿದೆ. ಪೆಟ್ಟಿಗೆಯ ಕಿಂಡಿ ಥಂಡರ್‌ಬೋಲ್ಟ್ ಎಂಬ ಪದ್ಧತಿಯದು. ಅದರ ವೇಗ ನಲವತ್ತು ಎಂದು ನನಗೆ ಗೊತ್ತಿತ್ತು. ಪರದೆಯ ಮೇಲೆ ನಾನೂರ ಎಂಬತ್ತು ಎಂದಿತ್ತು. ನಲವತ್ತರ ಬದಲು ನಾನೂರ ಎಂಬತ್ತು! ಹೆಚ್ಚೇ ಸಿಗುತ್ತಿದೆ ಎಂದು ಸಂತೋಷಪಟ್ಟು ಆ ಪುಟವನ್ನು ಮುಚ್ಚಿಬಿಟ್ಟೆ.

ಆ ಸಂತೋಷ ಊಟಕ್ಕೆ ಕೂತಾಗಲೂ ಇತ್ತು. ರೊಟ್ಟಿ ಮುರಿಯುತ್ತಿರುವಾಗ ಒಮ್ಮೆಲೇ ಯೋಚನೆ ಬಂತು: ನಲವತ್ತು ಏನು, ನಾನೂರ ಎಂಬತ್ತು ಏನು? ಕೈ ತೊಳೆಯದೆ ಓಡಿಬಂದು ಮತ್ತೆ ತೆರೆದೆ. ನಲವತ್ತು ಇರಬೇಕಿದ್ದದ್ದು ಗಿಗಾಬಿಟ್. ಇದ್ದದ್ದು ನಾನೂರ ಎಂಬತ್ತು ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್ಟಿನ ಅರ್ಧವೂ ಇಲ್ಲ. ಹೆದ್ದಾರಿಯ ಮೇಲೆ ಹೋಗಬೇಕಿದ್ದ ಕಬ್ಬಿನ ಲಾರಿಗಳನ್ನೆಲ್ಲ ನಾನು ಹೊಲದ ಬದುವಿನ ಮೇಲೆ ಓಡಿಸುತ್ತಿದ್ದೆ. ಆ ವೈರು ಮೊಬೈಲ್ ಚಾರ್ಜಿನದು. ವಿದ್ಯುತ್ತು ಚೆನ್ನಾಗಿ ಒಯ್ಯುತ್ತದೆ, ಚಿತ್ರವನ್ನು ಹಳೇ ಯುಎಸ್‌ಬಿಯ ವೇಗದಲ್ಲಿ ತೊಟ್ಟಿಕ್ಕಿಸುತ್ತದೆ. ನನ್ನ ಪೆಟ್ಟಿಗೆ ಎರಡೂ ಪದ್ಧತಿ ಬಲ್ಲದ್ದು. ವೇಗದ ಹಾದಿ ಸಿಗದಿದ್ದರೆ ನಿಧಾನದ ಹಾದಿಯಲ್ಲೇ ಕೆಲಸ ಮಾಡುತ್ತದೆ, ಯಾರಿಗೂ ಒಂದು ಮಾತು ಹೇಳುವುದಿಲ್ಲ. ಒಂದು ಕೆಂಪು ದೀಪವಾದರೂ ಬೆಳಗಬಾರದಿತ್ತೇ? ಆ ಹೊತ್ತಿಗೆ ನನಗೆ ಕಂಡ ಅತಿ ದೊಡ್ಡ ಅನ್ಯಾಯ ಅದು. ಬೇರೆ ಬೇರೆ ಕೆಲಸ ಮಾಡುವ ವೈರುಗಳಿಗೆ ಒಂದೇ ಮೂತಿ ಮಾಡಿದವರು ಎದುರಿಗೆ ಸಿಕ್ಕಿದ್ದರೆ ರೊಟ್ಟಿಯ ಎಂಜಲು ಕೈಯಲ್ಲೇ ನಾಲ್ಕು ಮಾತು ಆಡುತ್ತಿದ್ದೆ.

ಕಾರಣ ಸಿಕ್ಕಿತು, ಇನ್ನು ವೈರು ತರುವುದೆಷ್ಟರ ಕೆಲಸ ಎಂದುಕೊಂಡೆ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ, ಮಿಂಚಿನ ಗುರುತಿರುವ ವೈರು ಬೇಕು ಎಂದೆ. ಥಂಡರ್‌ಬೋಲ್ಟ್ ವೈರಿನ ಮೇಲೆ ಸಣ್ಣ ಮಿಂಚಿನ ಗುರುತು ಇರುತ್ತದೆ.

‘ಐತ್ರಿ,’ ಎಂದು ಕೊಟ್ಟ. ಗುರುತು ಇತ್ತು. ತಂದು ಚುಚ್ಚಿದೆ. ನಾನೂರ ಎಂಬತ್ತು.

ವಾಪಸು ಹೋದೆ. ‘ಇದು ಫಾಸ್ಟ್ ಅಲ್ರಿ.’

‘ಏ, ಏನ್ ಮಾತ್ರೀ ಅಕ್ಕಾರ. ಇದಕ್ಕಿಂತ ಫಾಸ್ಟ್ ಇಲ್ರಿ. ಮೊಬೈಲ್ ಹಚ್ಚಿ ಚಾ ಕುಡುದು ಬರೂದ್ರಾಗ ಫುಲ್ ಆಗತೈತಿ!’

ಮಿಂಚಿನ ಗುರುತನ್ನು ಬೇಗ ಚಾರ್ಜಾಗುವ ವೈರಿನ ಮೇಲೂ ಹಾಕುತ್ತಾರೆಂದು ಅವತ್ತು ಕಲಿತೆ. ಅವನ ತಪ್ಪೇನಿದೆ? ಬೇಗ ಎಂದರೆ ಬೇಗ. ಯಾವುದು ಬೇಗ ಎಂದು ನಾನು ಹೇಳಿರಲಿಲ್ಲ. ಕಿತ್ತೂರಿನಲ್ಲಿ ಹೆದ್ದಾರಿ ಪಕ್ಕದ ದೊಡ್ಡ ಅಂಗಡಿಯೊಂದಿದೆ, ಪುಣೆ-ಬೆಂಗಳೂರು ಓಡಾಡುವವರು ನಿಲ್ಲುವ ಕಡೆ. ಅಲ್ಲಿ ಗೋಡೆಯ ತುಂಬ ವೈರು ತೂಗಾಡುತ್ತಿದ್ದವು, ಬಣ್ಣ ಬಣ್ಣದ್ದು, ಹೆಣೆದ ಬಟ್ಟೆ ಸುತ್ತಿದ್ದು. ಒಂದರ ಮೇಲೂ ಎಷ್ಟು ಗಿಗಾಬಿಟ್ ಎಂದು ಬರೆದಿರಲಿಲ್ಲ. ಎಷ್ಟು ವ್ಯಾಟ್ ಎಂದು ಎಲ್ಲದರ ಮೇಲೂ ಇತ್ತು. ಅಂಗಡಿಯವನು ನನ್ನನ್ನು ಬಹಳ ಹೊತ್ತು ನೋಡಿ, ‘ನಿಮ್ಮ ಮೊಬೈಲ್ ಯಾವುದರಿ?’ ಎಂದು ಕೇಳಿದ.

ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದು ದಪ್ಪಗೆ ಕಬ್ಬಿನ ಗಣಿಕೆಯ ಹಾಗಿದ್ದ ವೈರು. ನೋಡಿ ನಂಬಿದೆ. ಅದು ಲ್ಯಾಪ್‌ಟಾಪಿಗೆ ಚಾರ್ಜು ಹಾಕುವ ವೈರು. ಮತ್ತೆ ನಾನೂರ ಎಂಬತ್ತು. ಅದನ್ನು ವಾಪಸು ಕಳಿಸಿ, ಈ ಸಲ ಎಲ್ಲ ಸಣ್ಣ ಅಕ್ಷರಗಳನ್ನೂ ಓದಿ, ಗುರುತಿನ ಪಕ್ಕ ಅಂಕಿಯೂ ಇರುವ, ಮೊಳದುದ್ದದ ಗಿಡ್ಡ ವೈರನ್ನು ಆರ್ಡರು ಮಾಡಿದೆ. ಈ ಜಾತಿಯ ಸಾದಾ ವೈರು ಉದ್ದವಾದಷ್ಟೂ ವೇಗ ಕಳೆದುಕೊಳ್ಳುತ್ತದೆ ಎಂಬುದೂ ಆ ಸಣ್ಣ ಅಕ್ಷರಗಳಲ್ಲೇ ಇತ್ತು.

ಈ ನಡುವೆ ಬೆಳಗಾವಿಯವರು ಫೋನು ಮಾಡಿ, ಹಿರಿಯರು ಒಪ್ಪದಿದ್ದರೆ ಯೋಜನೆಯನ್ನು ಕೈಬಿಡೋಣ, ಅವರ ಮನಸ್ಸು ನೋಯಿಸುವುದು ಬೇಡ ಎಂದರು. ಸ್ವಲ್ಪ ತಾಳಿ ಎಂದೆ. ಯಾಕೆ ಎಂದು ಕೇಳಿದರು. ವೈರು ಬರಬೇಕು ಎಂದೆ.

ವೈರು ಬಂದದ್ದು ಕಿತ್ತೂರಿನವರೆಗೆ. ಅಲ್ಲಿಂದ ಬೈಲಹೊಂಗಲಕ್ಕೆ ತಂದುಕೊಡುವ ಹುಡುಗ ಕೆಲಸ ಬಿಟ್ಟಿದ್ದಾನೆಂದು ಕೊರಿಯರಿನವರು ಹೇಳಿದರು. ‘ಬಂದು ಒಯ್ಯಿರಿ.’ ಅವತ್ತು ನನ್ನ ಕೈಯಲ್ಲಿ ಒಂದು ಮದುವೆಯ ಕೆಲಸ, ಸಂಜೆಯೊಳಗೆ ಕೊಡಲೇಬೇಕು. ಸಿಟ್ಟು ನುಂಗಿ ಸವದತ್ತಿಯ ಗೆಳೆಯನಿಗೆ ಫೋನು ಹಚ್ಚಿದೆ. ಮಾತು ಬಿಟ್ಟ ಮೇಲೆ ಅದೇ ಮೊದಲು.

‘ನಾ ಕಿತ್ತೂರಾಗ ಅದೇನಿ, ಶೂಟಿಂಗ್ ಐತಿ,’ ಎಂದ. ‘ಏನ್ ತರಬೇಕ?’

ಹೇಳಿದೆ.

‘ಅಂದ್ರ ಇಷ್ಟ ದಿನ ವೈರಿಗೆ ಜಗಳಾಡೇವೇನು ನಾವು?’ ಎಂದು ಕೇಳಿದ. ನಗುತ್ತಾನೋ ಬೈಯುತ್ತಾನೋ ತಿಳಿಯಲಿಲ್ಲ. ಮಧ್ಯಾಹ್ನ ಬೈಕಿನಲ್ಲಿ ಬಂದು ಟೇಬಲ್ಲಿನ ಮೇಲಿಟ್ಟ. ಪೆಟ್ಟಿಗೆಯನ್ನು ಕಂಪ್ಯೂಟರಿನ ಮಗ್ಗುಲಿಗೇ ಎತ್ತಿ ಇಡಬೇಕಾಯಿತು, ವೈರು ಅಷ್ಟು ಗಿಡ್ಡ. ಚುಚ್ಚಿದೆವು. ಮಾಹಿತಿಯ ಪುಟ ತೆರೆದೆವು. ನಲವತ್ತು. ಗಿಗಾಬಿಟ್. ಇಬ್ಬರೂ ಆ ಅಕ್ಷರವನ್ನು ಬೆರಳಿಟ್ಟು ನೋಡಿದೆವು. ನಾಲ್ಕೂ ಕ್ಯಾಮೆರಾವನ್ನು ಒಟ್ಟಿಗೆ ಓಡಿಸಿದೆವು. ಎಲ್ಲಿಯೂ ಎಡವಲಿಲ್ಲ.

‘ಬೆಣ್ಣಿ,’ ಎಂದ ಅವನು.

ಅವ್ವಾರನ್ನು ಕರೆತರಲು ಅವನೇ ರಾಮದುರ್ಗಕ್ಕೆ ಹೋದ. ಬರುವುದಿಲ್ಲ ಎಂದರಂತೆ. ಇವನು ಹೊಸ್ತಿಲಲ್ಲಿ ಕುಳಿತು, ನೀವು ಏಳುವವರೆಗೆ ನಾನೂ ಏಳುವುದಿಲ್ಲ ಎಂದನಂತೆ. ಒಟ್ಟಿನಲ್ಲಿ ಬಂದರು. ಬಂದವರು ಮೊದಲು ಪೆಟ್ಟಿಗೆಯ ಸದ್ದಿಗೆ ಮುಖ ಸಿಂಡರಿಸಿದರು. ‘ಗಿರಣಿ ಇಟ್ಟಂಗ ಆಗೈತಿ. ಡೋಲಕಿ ಕೇಳತೈತೇನು ಇದರಾಗ?’

ನಾನು ದನಿ ಏರಿಸಿ, ಅದೇ ದೊಡ್ಡ ಮಾನಿಟರಿನಲ್ಲಿ, ಅದೇ ಕಾಲಿನ ಚಿತ್ರ ಹಾಕಿದೆ. ಇದು ಅವತ್ತಿನದೇ, ಕೈ ಹಚ್ಚಿಲ್ಲ ಎಂದೆ. ಡೋಲಕಿ ಬಿತ್ತು, ಗೆಜ್ಜೆ ಬಿತ್ತು. ಸ್ವಲ್ಪ ಹೊತ್ತಿಗೆ ಅವರ ಬಲಗೈ ತೊಡೆಯ ಮೇಲೆ ಮೆಲ್ಲಗೆ ಆಡತೊಡಗಿತು. ಆದರೂ ಮುಖದ ಗಂಟು ಬಿಡಲಿಲ್ಲ. ಇದನ್ನೂ ತಿದ್ದಿದ್ದಾಳೆ ಎಂಬ ಗುಮಾನಿ ಅವರ ಕಣ್ಣಲ್ಲಿ ಹಾಗೆಯೇ ಇತ್ತು. ಇಷ್ಟೆಲ್ಲ ಮಾಡಿದ ಮೇಲೂ ನಂಬದಿದ್ದರೆ ಇನ್ನೇನು ತೋರಿಸಲಿ?

ಎರಡನೆಯ ಪದ ಮುಗಿದು ಮೂರನೆಯದು ನಡೆಯುತ್ತಿತ್ತು. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಸಣ್ಣ ಪ್ರತಿಯ ಮೇಲೆ ಕೆಲಸ ಮಾಡುವಾಗಲೇ ಕಂಡಿತ್ತು. ಆ ಪದದ ತಿರುವಿನಲ್ಲಿ ಒಂದು ಕಡೆ ಅವರ ಎಡಗಾಲು ಖರೆಯೇ ತಡವಾಗಿ ಬೀಳುತ್ತದೆ. ಒಂದೇ ಒಂದು ಹೆಜ್ಜೆ. ಎಡಿಟಿಂಗಿನಲ್ಲಿ ನಾನು ಆ ಜಾಗದಲ್ಲಿ ಡೋಲಕಿಯವನ ಕೈ ತೋರಿಸಿ ಮುಚ್ಚಿದ್ದೆ. ಈಗ ಓಡುತ್ತಿದ್ದದ್ದು ಮುಚ್ಚದ ಚಿತ್ರ. ಮೌಸಿನ ಮೇಲೆ ನನ್ನ ಕೈ ಹೋಯಿತು, ನಿಲ್ಲಿಸೋಣವೆಂದು. ನಿಲ್ಲಿಸುವಷ್ಟರಲ್ಲಿ ತಿರುವು ಬಂದೇಬಿಟ್ಟಿತು. ಕಾಲು ತಡವಾಗಿ ಬಿತ್ತು.

‘ಏ, ತಡಿ!’ ಎಂದರು ಅವ್ವಾರು. ‘ಹಿಂದ ಹೋಗು.’

ಹಿಂದೆ ಹೋದೆ. ಮತ್ತೆ ನೋಡಿದರು. ಮತ್ತೊಮ್ಮೆ ಎಂದರು.

‘ಇದು ಮಷೀನಿಂದಲ್ಲ,’ ಎಂದರು.

ನನ್ನ ಗೆಳೆಯ ಗೋಡೆಯ ಕಡೆ ನೋಡುತ್ತಿದ್ದ. ನಾನು ಸುಳ್ಳು ಹೇಳಬಹುದಿತ್ತು, ವೈರು ಹೀಗೆ, ಡಿಸ್ಕು ಹಾಗೆ ಎಂದು. ಹೇಳಿ ಹೇಳಿ ನನಗೂ ಸಾಕಾಗಿತ್ತು. ‘ಅಲ್ರಿ ಅವ್ವಾರ. ಇದು ನಿಮ್ಮದು,’ ಎಂದೆ.

ಅವರು ಕುರ್ಚಿಗೆ ಒರಗಿದರು. ನಾನು ಎಣಿಸಿದ ಮುಖ ಅಲ್ಲಿರಲಿಲ್ಲ. ಗಂಟು ಸಡಿಲಾಗಿತ್ತು.

‘ಗೊತ್ತಿತ್ತ ನನಗ. ಆ ತಿರುವಿನ್ಯಾಗ ಜಮಖಾನಿ ಕಾಲಿಗೆ ಸಿಕ್ಕಿತ್ತು. ಕುಣಿಯೂವಾಗನ ಗೊತ್ತಾಗಿತ್ತು.’ ಬೆರಳಿನಿಂದ ಪರದೆ ತೋರಿಸಿದರು. ‘ಅವತ್ತ ನೀ ತೋರಿಸಿದ್ದರಾಗ ಎಲ್ಲಾ ಕಡೆ ತಪ್ಪಿತ್ತು. ನೀ ತಿದ್ದಿ ತಂದದ್ದರಾಗ ಎಲ್ಲೂ ತಪ್ಪಿರಲಿಲ್ಲ. ಎರಡರಾಗೂ ನನ್ನ ಕಾಲು ನನಗ ಗುರುತು ಹತ್ತಲಿಲ್ಲ. ಇದು ನಂದು.’

ರಾಮದುರ್ಗಕ್ಕೆ ನಾನು ಒಯ್ದದ್ದು ಮೊದಲಿನ ಒಂದೇ ಪದದ ತುಣುಕು, ಮೂರನೆಯ ಪದದ ಈ ತಿರುವು ಅದರಲ್ಲಿ ಬರುತ್ತಲೇ ಇರಲಿಲ್ಲ. ಆಟವನ್ನೆಲ್ಲ ಒಯ್ದು ತೋರಿಸಿದ್ದರೆ ಅವತ್ತೇ ನಂಬುತ್ತಿದ್ದರೋ ಏನೋ. ಅದನ್ನು ನೆನೆದರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಅಷ್ಟೂ ಅಂಗಡಿ, ಅಷ್ಟೂ ವೈರು.

‘ಹಂಗಾದ್ರ ಇದನ್ನ ಹಂಗ ಇಡೂಣೇನ್ರಿ?’ ಎಂದು ಗೆಳೆಯ ಕೇಳಿದ. ಅವನ ದನಿಯಲ್ಲಿ ಸ್ವಲ್ಪ ಭಾವುಕತೆ ಇತ್ತು. ‘ಖರೇ ಐತಲ್ರಿ, ಚಂದ ಕಾಣತೈತಿ.’

ಅವ್ವಾರು ಅವನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. ‘ತಗೀರಿ ಅದನ್ನ! ನಾಳೆ ಯಾವಾಕೀರ ನೋಡಿ ಕಲ್ತಳಂದ್ರ, ನನ್ನ ತಪ್ಪನ್ನ ಪದ್ಧತಿ ಅಂತ ಕುಣಿದಾಳು. ಆಮ್ಯಾಲ ಅದನ್ನ ಬಿಡಸವರ್ಯಾರು?’

ಆ ಹೆಜ್ಜೆಯನ್ನು ಮುಚ್ಚಿದ ಡೋಲಕಿಯವನ ಕೈ ಹಾಗೆಯೇ ಉಳಿಯಿತು. ಉಳಿದ ಆಟವನ್ನು ಅವತ್ತು ಸಂಜೆಯವರೆಗೆ ಕುಳಿತು ನೋಡಿದರು. ನೋಡಿ ಸುಮ್ಮನಿರಲಿಲ್ಲ. ಇಲ್ಲಿ ಮಾರಿ ಯಾಕೆ, ಕಾಲು ತೋರಿಸು, ಇಲ್ಲಿ ಕಾಲು ಬೇಡ, ಪೇಟಿಯವನು ಚೆಂದ ನುಡಿಸಿದ್ದಾನೆ ಅವನನ್ನು ತೋರಿಸು ಎಂದು ನನ್ನ ಕೆಲಸದ ಅರ್ಧವನ್ನು ಕಿತ್ತು ಮತ್ತೆ ಮಾಡಿಸಿದರು. ಮುಂದಿನ ವಾರಗಳಲ್ಲಿ ಪುಕ್ಕಟೆ ಬಸ್ಸು ಹತ್ತಿ ಎಷ್ಟು ಸಲ ಬಂದರೋ. ನಾನು ಒಳಗೊಳಗೇ ಕುದಿಯುತ್ತ, ಹೇಳಿದ್ದನ್ನೆಲ್ಲ ಮಾಡಿದೆ. ಕೊನೆಗೊಮ್ಮೆ ‘ಹೂಂ’ ಎಂದರು. ಬೆಳಗಾವಿಗೆ ಕೊಟ್ಟೆವು.

ಅವರದೊಂದು ಪ್ರತಿಯನ್ನು ಕೊಡಲು ಆಮೇಲೆ ರಾಮದುರ್ಗಕ್ಕೆ ಹೋದೆ. ಅಂಗಳದಲ್ಲಿ ಹುಡುಗಿಯರು ಕುಣಿಯುತ್ತಿದ್ದರು, ಮೊದಲು ಕಂಡಿದ್ದಕ್ಕಿಂತ ಹೆಚ್ಚು ಮಂದಿ. ಅವ್ವಾರು ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಡಿಸ್ಕನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ಒಳಗೆ ಹೋಗಿ ಸೀರೆಗಳ ನಡುವೆ ಇಟ್ಟು ಬಂದರು. ಅವರ ಮನೆಯಲ್ಲಿ ಅದನ್ನು ಹಚ್ಚುವಂಥದ್ದೇನೂ ಇರಲಿಲ್ಲ.

‘ನಾ ಬರತೇನ್ರಿ, ಬಸ್ ಹೋಗತೈತಿ,’ ಎಂದೆ.

‘ಕುಂದರು. ಇವರ ಒಂದು ಪದ ನೋಡಿ ಹೋಗು.’

‘ಇದು ಕಡೀ ಬಸ್ರಿ ಅವ್ವಾರ.’

‘ಕುಂದರ ಅಂದೆ.’

ಕಟ್ಟೆಯ ಮೇಲೆ ಕುಳಿತೆ. ಮೊದಲನೆಯ ಹುಡುಗಿ ಹೆಜ್ಜೆ ತಪ್ಪಿದಳು, ನಿಲ್ಲಿಸಿ ಮೊದಲಿಂದ ಶುರು ಮಾಡಿಸಿದರು. ಮತ್ತೆ ತಪ್ಪಿದಳು, ಮತ್ತೆ ಮೊದಲಿಂದ. ಓಣಿಯ ತುದಿಯಲ್ಲಿ ಬಸ್ಸಿನ ಹಾರ್ನು ಕೇಳಿ, ದೂರವಾಯಿತು. ನಾನು ಫೋನು ತೆಗೆದು, ರಾತ್ರಿ ಊಟಕ್ಕೆ ಕಾಯಬೇಡಿರೆಂದು ಮನೆಗೆ ತಿಳಿಸಿದೆ.